ಬಿಚ್ಚದೆ ಉಳಿದ ಪವಿತ್ರ

ಪ್ರಯೋಗಾಲಯದ ನನ್ನ ಮೇಜಿನ ಎರಡನೆಯ ಖಾನೆಯಲ್ಲಿ, ಬರೆಯದ ಪೆನ್ನುಗಳು, ತುದಿ ಮುರಿದ ಚಿಮುಟ, ಒಂದು ಕಾಲಕ್ಕೆ ತೀರ ಮುಖ್ಯವಾಗಿದ್ದು ಈಗ ಯಾವ ಬೀಗದ್ದೆಂದೇ ತಿಳಿಯದ ಬೀಗದ ಕೈ, ಇವುಗಳ ಜೊತೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಾಲ್ಕು ವರ್ಷ ಒಂದು ದರ್ಭೆಯ ಉಂಗುರ ಕುಳಿತಿತ್ತು. ಪವಿತ್ರ ಎನ್ನುತ್ತಾರಲ್ಲ, ಅದು. ನೀಳವಾದ ಹುಲ್ಲಿನೆಳೆಯನ್ನು ಬಳಸಿ ಮಡಿಚಿ, ಕೊರಳಿಗೊಂದು ಗಂಟು ಹಾಕಿ, ಮಿಕ್ಕ ತುದಿಯನ್ನು ಜುಟ್ಟಿನಂತೆ ಬಿಟ್ಟು, ಕರ್ಮಕ್ಕೆ ಕುಳಿತವನ ಉಂಗುರದ ಬೆರಳಿಗೆ ತೊಡಿಸುವ ಹಸಿರು ಕುಣಿಕೆ. ಕೆಲಸ ಮುಗಿದ ಮೇಲೆ ಅದರ ಗಂಟನ್ನು ಬಿಚ್ಚಿ ಎಸೆಯಬೇಕೆಂಬುದು ನಿಯಮ. ಗಂಟು ಇರುವವರೆಗೆ ಕರ್ಮ ಮುಗಿದಂತಲ್ಲ. ನನ್ನದನ್ನು ನಾನು ಬಿಚ್ಚಿರಲಿಲ್ಲ. ಹಸಿರು ಹೋಗಿ ಹುರಿದ ಶಾವಿಗೆಯ ಬಣ್ಣಕ್ಕೆ ತಿರುಗಿದ್ದರೂ ಅದು ಗಂಟು ಸಡಿಲಿಸದೆ, ಖಾನೆ ಎಳೆದಾಗಲೆಲ್ಲ ಒಮ್ಮೆ ಗಲ್ಲೆಂದು ನನ್ನನ್ನು ವಿಚಾರಿಸಿಕೊಳ್ಳುತ್ತಿತ್ತು.

ಕಾಶಿಯಲ್ಲಿ ನಾನು ಇರುವುದು ಜಂಗಮವಾಡಿಯ ಒಂದು ಗಲ್ಲಿಯ ಮಹಡಿಯ ಮೇಲೆ. ಕೆಳಗೆ ನಾರಾಯಣ ಭಟ್ಟರ ಸಂಸಾರ. ಭಟ್ಟರು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಕರ್ಮ ಮಾಡಿಸುವವರು. ಅವರ ಅಜ್ಜನ ಕಾಲಕ್ಕೆ ಇಲ್ಲಿಗೆ ಬಂದ ಮನೆತನ. ಅವರ ಕನ್ನಡ ಹಪ್ಪಳದ ಡಬ್ಬಿಯಲ್ಲಿಟ್ಟ ಹಾಗೆ ಗರಿಗರಿಯಾಗಿ ಉಳಿದಿದೆ, ನಡುನಡುವೆ ಹಿಂದಿಯ ಉಪ್ಪು. ಮೊಮ್ಮಕ್ಕಳು ಮಾತ್ರ ಅಜ್ಜನ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುತ್ತಾರೆ. ನಾನು ಊರ ಆ ತುದಿಯ ವಿಶ್ವವಿದ್ಯಾಲಯದಲ್ಲಿ ಏನು ಮಾಡುತ್ತೇನೆಂದು ಅವರು ಒಮ್ಮೆ ಕೇಳಿದ್ದರು. ಪ್ರೋಟೀನುಗಳು ಡಿಎನ್‌ಎ ಎಂಬ ಎಳೆಯನ್ನು ಹೇಗೆ ಬಗ್ಗಿಸಿ ಕುಣಿಕೆ ಮಾಡುತ್ತವೆಂದು ನೋಡುತ್ತೇನೆ ಎಂದೆ. ಭಟ್ಟರು ದರ್ಭೆ ಮಡಿಚುತ್ತಿದ್ದ ಕೈ ನಿಲ್ಲಿಸದೆ, "ಅರೇ, ಹಾಗಾದ್ರೆ ನಮ್ಮದೂ ನಿಮ್ಮದೂ ಒಂದೇ ಧಂಧೆ ಮಾರಾಯ್ರೆ. ನಮ್ಮದು ಕಣ್ಣಿಗಾದ್ರೂ ಕಾಣ್ತದೆ" ಎಂದರು. ನಾನು ನಕ್ಕೆ. ಅಷ್ಟು ಸಂಕ್ಷೇಪವಾಗಿ ನನ್ನ ವೃತ್ತಿಯನ್ನು ಯಾವ ಸಮ್ಮೇಳನದಲ್ಲೂ ಯಾರೂ ವಿವರಿಸಿರಲಿಲ್ಲ.

ಕಣ್ಣಿಗೆ ಕಾಣದ ಆ ಕುಣಿಕೆಯ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ನಿಮ್ಮ ಕರುಳಿನಲ್ಲಿ ಬಾಡಿಗೆಯಿಲ್ಲದೆ ವಾಸಿಸುವ ಒಂದು ಬ್ಯಾಕ್ಟೀರಿಯ ಇದೆ. ಹಾಲಿನಲ್ಲಿರುವ ಸಕ್ಕರೆಯನ್ನು ಒಡೆದು ತಿನ್ನುವ ವಿದ್ಯೆ ಅದಕ್ಕೆ ಗೊತ್ತು. ಆ ವಿದ್ಯೆ ಅದರ ಡಿಎನ್‌ಎಯ ಒಂದು ತುಣುಕಿನಲ್ಲಿ, ಅಂದರೆ ಒಂದು ಜೀನಿನಲ್ಲಿ, ಅಕ್ಷರ ಅಕ್ಷರವಾಗಿ ಬರೆದಿದೆ. ಆದರೆ ಹಾಲಿನ ಸಕ್ಕರೆಯೇ ಇಲ್ಲದ ಹೊತ್ತಿನಲ್ಲಿ ಅದನ್ನು ಒಡೆಯುವ ಸಲಕರಣೆಗಳನ್ನು ತಯಾರಿಸುತ್ತ ಕೂರುವುದು ಒಲೆ ಹೊತ್ತಿಸಿಟ್ಟು ಅಕ್ಕಿ ಕೇಳಲು ಪಕ್ಕದ ಮನೆಗೆ ಹೋದ ಹಾಗೆ. ಆದ್ದರಿಂದ ಅದು ಆ ಜೀನನ್ನು ಸುಮ್ಮನಿರಿಸಲು ಒಂದು ಪ್ರೋಟೀನನ್ನು ಇಟ್ಟುಕೊಂಡಿದೆ. ರಿಪ್ರೆಸರ್ ಎಂದು ಅದರ ಹೆಸರು, ತಡೆಗಾರ ಎನ್ನೋಣ. ಈ ತಡೆಗಾರನಿಗೆ ಎರಡು ಕೈ. ಒಂದು ಕೈಯಿಂದ ಜೀನಿನ ಬಾಗಿಲಲ್ಲಿರುವ ಒಂದು ಗುರುತನ್ನು ಹಿಡಿದು, ಹಿಡಿದ ಕಡೆ ಎಳೆಯ ಸಂದಿಗೆ ಬೆರಳು ತೂರಿಸಿ ಅದನ್ನು ತುಸು ಬಗ್ಗಿಸುತ್ತಾನೆ. ಇನ್ನೊಂದು ಕೈಯಿಂದ ಅಷ್ಟು ದೂರದಲ್ಲಿರುವ ಎರಡನೆಯ ಗುರುತನ್ನು ಹಿಡಿಯುತ್ತಾನೆ. ನಡುವಿನ ಎಳೆ ಬಾಗಿ ಕುಣಿಕೆಯಾಗುತ್ತದೆ, ಜೀನನ್ನು ಓದಲು ಬಂದ ಯಂತ್ರಕ್ಕೆ ಜಾಗ ಸಿಗುವುದಿಲ್ಲ, ಜೀನು ಮೌನವಾಗುತ್ತದೆ. ಅಕ್ಷರ ಅಳಿಸಿಲ್ಲ, ಎಳೆ ಕತ್ತರಿಸಿಲ್ಲ. ಬರೆದದ್ದೆಲ್ಲ ಅಲ್ಲೇ ಇದೆ, ಓದುವ ಹಾಗಿಲ್ಲ, ಅಷ್ಟೆ.

ಎರಡು ಕೈ ಯಾಕೆ ಬೇಕು, ಒಂದು ಸಾಲದೆ, ಎಂದು ನಾನೂ ವಿದ್ಯಾರ್ಥಿಯಾಗಿದ್ದಾಗ ಕೇಳಿದವನೇ. ಜೀವಕೋಶದ ಒಳಗೆ ದಶಾಶ್ವಮೇಧ ಘಾಟಿನ ಸಂಜೆಯ ಹಾಗೆ ಸದಾ ನೂಕುನುಗ್ಗಲು. ಒಂದೇ ಕೈಯ ಹಿಡಿತ ಆ ತಳ್ಳಾಟದಲ್ಲಿ ಜಾರುತ್ತದೆ, ಜಾರಿದರೆ ತಡೆಗಾರ ಎಲ್ಲೋ ತೇಲಿಹೋಗುತ್ತಾನೆ. ಎರಡು ಕೈ ಇದ್ದರೆ ಒಂದು ಜಾರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ, ಆದ್ದರಿಂದ ಜಾರಿದ ಕೈಗೆ ತನ್ನ ಗುರುತು ಹತ್ತಿರದಲ್ಲೇ ಸಿಕ್ಕಿ ಮತ್ತೆ ಹಿಡಿಯುತ್ತದೆ. ಹೀಗೆ ಕ್ಷಣಕ್ಕೊಮ್ಮೆ ಬಿಡುತ್ತ, ಕ್ಷಣದಲ್ಲೇ ಹಿಡಿಯುತ್ತ, ಒಂದು ಮೌನ ಬಹುಕಾಲ ಬಾಳುತ್ತದೆ. ಇಷ್ಟೆಲ್ಲ ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದ ವರ್ಷಗಳಲ್ಲೇ, ಅರಸೀಕೆರೆಯಲ್ಲಿದ್ದ ನನ್ನ ಅಕ್ಕ ಗಿರಿಜ ನನ್ನೊಡನೆ ಮಾತು ಬಿಟ್ಟಿದ್ದಳು.

ತಪ್ಪು ನನ್ನದೇ. ಅದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾಗಿ ಗಿರಿಜಕ್ಕನ ಮನೆಯಲ್ಲಿದ್ದರು. ಕೊನೆಯ ಮೂರು ವರ್ಷ ಅವರಿಗೆ ಊಟ, ಔಷಧಿ, ಕೋಪ ಎಲ್ಲವನ್ನೂ ಹೊತ್ತು ಹೊತ್ತಿಗೆ ಸಂಭಾಳಿಸಿದವಳು ಅವಳು. ಜೀವಮಾನವೆಲ್ಲ ಊರೂರಿಗೆ ಟಿಕೆಟ್ ಕೊಟ್ಟ ಅಪ್ಪ ಸ್ವತಃ ಕಾಶಿ ನೋಡಿರಲಿಲ್ಲ. ನಾನು ಕರೆದಾಗಲೆಲ್ಲ "ಬಂದರಾಯ್ತು" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಸ್ಥಿಯ ಗಡಿಗೆಯನ್ನು ನಾನು ರೈಲಿನಲ್ಲಿ ತಂದೆ. ಅಕ್ಕ ಶಾಲೆಯಲ್ಲಿ ಟೀಚರ್; ಪರೀಕ್ಷೆಯ ಕಾಲ, ರಜೆ ಸಿಗುವಂತಿರಲಿಲ್ಲ. ಸ್ಟೇಷನ್ನಿನಲ್ಲಿ ಗಡಿಗೆಗೆ ಸುತ್ತಿದ ಬಟ್ಟೆಯನ್ನು ಸರಿಮಾಡುತ್ತ, "ಬೇಸಿಗೆ ರಜಕ್ಕೆ ನಾನು ಬರ್ತೀನಿ ಕಣೋ. ಅಲ್ಲೀವರೆಗೂ ಇಟ್ಟಿರು. ನೀನೇ ಬಿಡು, ನಾನು ಪಕ್ಕದಲ್ಲಿ ನಿಂತ್ಕೊಂಡು ನೋಡ್ತೀನಿ, ಅಷ್ಟೇ" ಎಂದಳು. ಆಗಲಿ ಎಂದೆ.

ಅಸ್ಥಿಯನ್ನು ಮನೆಯೊಳಗೆ ಇಡಬಾರದು. ಭಟ್ಟರು ಅದನ್ನು ಮಹಡಿಯ ಹೊರಗೋಡೆಯ ಗೂಟಕ್ಕೆ ಕಟ್ಟಿಸಿದರು. ಎರಡನೆಯ ವಾರ ಒಂದು ಮಂಗ ಬಂದು ಬಟ್ಟೆಯ ಗಂಟನ್ನು ಎಳೆದು ನೋಡಿ ಹೋಯಿತು. ಭಟ್ಟರು ಅದಕ್ಕೂ ಉಪಾಯ ಹೇಳಿದರು: ಜಾಲರಿಯ ಪೆಟ್ಟಿಗೆಯೊಂದನ್ನು ಮಾಡಿಸಿ ಅದರೊಳಗೆ ತೂಗುಹಾಕಿದರಾಯಿತು. ಆದರೆ ನನಗೆ ಆ ಶನಿವಾರ ಬೆಳಿಗ್ಗೆ ಬಿಡುವಿತ್ತು, ಮುಂದಿನ ವಾರ ಒಂದು ದೊಡ್ಡ ಪ್ರಯೋಗವಿತ್ತು, ಮತ್ತು ಗಂಗೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಇದು ಕಾಶಿಯಲ್ಲಿ ನೆಲೆಸಿದವರು ಮಾತ್ರ ಮಾಡಬಲ್ಲ ತಪ್ಪು. ಎಲ್ಲಿಂದಲೋ ಎರಡು ರಾತ್ರಿ ಎರಡು ಹಗಲು ರೈಲಿನಲ್ಲಿ ಕೂತು ಬರುವವರಿಗೆ ಜನ್ಮಕ್ಕೊಮ್ಮೆ ಸಿಗುವ ನದಿ, ನಮಗೆ ತರಕಾರಿ ತರುವ ದಾರಿಯಲ್ಲಿ ಸಿಗುತ್ತದೆ. ಮಂಗನ ನೆಪ ಮಾಡಿ, ಭಟ್ಟರನ್ನು ಒಪ್ಪಿಸಿ, ಬೆಳಿಗ್ಗೆ ಆರಕ್ಕೆ ದೋಣಿ ಹತ್ತಿ, ಏಳೂವರೆಗೆಲ್ಲ ಕೆಲಸ ಮುಗಿಸಿದೆ. "ಪವಿತ್ರದ ಗಂಟು ಬಿಚ್ಚಿ ಹಾಕಿ" ಎಂದು ಭಟ್ಟರು ಹಿಂದಿನಿಂದ ಕೂಗಿದರಂತೆ; ನಾನಾಗಲೇ ಅದನ್ನು ಬೆರಳಿನಿಂದ ಕಳಚಿ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಪ್ರಯೋಗಾಲಯದಲ್ಲಿ ಪೆನ್ನು ಹುಡುಕಿದಾಗ ಕೈಗೆ ಸಿಕ್ಕಿತು. ಎಸೆಯಲು ಮನಸ್ಸಾಗದೆ ಖಾನೆಗೆ ಹಾಕಿದೆ.

ಆ ದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಗೇಟಿನೆದುರಿನ ಲಂಕಾ ಪೇಟೆಯ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ಕೆಲಸ ಮುಗಿಸಿಬಿಟ್ಟೆ. ನಿಂಗೆ ಅಷ್ಟು ದೂರ ಬರೋ ತೊಂದರೆ ತಪ್ತು" ಎಂದೆ. ಮೆಚ್ಚುಗೆಯ ಮಾತಿಗಾಗಿ ಕಾದೆ ಎಂಬುದನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ. "ನಾನು ಬರ್ತೀನಿ ಅಂದಿದ್ದೆ" ಎಂದಳು. ಫೋನು ಇಟ್ಟಳು. ಅಲ್ಲಿಂದ ಮುಂದೆ ನಾನು ಯಾವಾಗ ಮಾಡಿದರೂ ಭಾವನೇ ಎತ್ತಿ, ಪಾಪ, ದಿನಕ್ಕೊಂದು ಸುಳ್ಳು ಹೇಳುತ್ತಿದ್ದರು: ಸ್ನಾನಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ, ಅಂಗಡಿಗೆ ಹೋಗಿದ್ದಾಳೆ. ಕ್ರಮೇಣ ಭಾವನ ಸುಳ್ಳಿನ ದಾಸ್ತಾನು ಮುಗಿದಂತೆನಿಸಿ ನಾನೇ ಮಾಡುವುದನ್ನು ಬಿಟ್ಟೆ.

ಆದರೆ ಪ್ರತಿ ವರ್ಷ ಅಪ್ಪನ ತಿಥಿಯ ತಿಂಗಳಲ್ಲಿ ಒಂದು ಪಾರ್ಸೆಲು ಬರುತ್ತಿತ್ತು. ಬಿಳಿ ಬಟ್ಟೆಯಲ್ಲಿ ಹೊಲಿದು, ಟೀಚರಮ್ಮನ ದುಂಡು ಅಕ್ಷರದಲ್ಲಿ ನನ್ನ ವಿಳಾಸ ಬರೆದದ್ದು. ಒಳಗೆ ಒಂದು ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಚಟ್ನಿಪುಡಿ, ಡಬ್ಬಿಯ ತಳದಲ್ಲಿ ಅಪ್ಪ ಪಾತ್ರೆ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಚುಕ್ಕೆಚುಕ್ಕೆಯಾಗಿ ಕೆತ್ತಿಸಿದ ಅವರ ಹೆಸರು. ಒಂದು ಸಾಲು ಕಾಗದವಿಲ್ಲ. ಬಟ್ಟೆಯ ಮಡಿಕೆಯನ್ನೆಲ್ಲ ಕೊಡವಿ ನೋಡಿದ್ದೇನೆ. ಮೊದಲ ವರ್ಷ ಇದನ್ನು ಕೋಪವೆಂದು ತಿಳಿದೆ, ಎರಡನೆಯ ವರ್ಷ ಕರ್ತವ್ಯವೆಂದು, ಮೂರನೆಯ ವರ್ಷ ಏನೂ ತಿಳಿಯದೆ ಅನ್ನಕ್ಕೆ ಕಲಸಿ ತಿಂದೆ. ತುಂಬಿ ಬಂದ ಡಬ್ಬಿಯನ್ನು ಬರಿದು ಹಿಂದಿರುಗಿಸಬಾರದು, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ರೀತಿ. ನಾನು ಬರಿದೂ ಹಿಂದಿರುಗಿಸಲಿಲ್ಲ, ತುಂಬಿಯೂ ಹಿಂದಿರುಗಿಸಲಿಲ್ಲ. ತೊಳೆದು ಕಿಟಕಿಯ ಮೇಲೆ ಒಂದರ ಪಕ್ಕ ಒಂದು ಇಟ್ಟೆ, ನಾಲ್ಕಾದವು.

ಆ ವರ್ಷ ನನ್ನ ವಿದ್ಯಾರ್ಥಿನಿ ಪ್ರತಿಮಾ ಒಂದು ಸೊಗಸಾದ ಪ್ರಯೋಗ ಮಾಡುತ್ತಿದ್ದಳು. ಬಲಿಯಾ ಕಡೆಯ ಹುಡುಗಿ, ಮಾತು ಕಡಿಮೆ, ಕೈ ಚುರುಕು. ತಡೆಗಾರ ಹಿಡಿಯುವ ಎರಡು ಗುರುತುಗಳ ನಡುವೆ ಅವಳು ಒಂದಿಷ್ಟು ಅಕ್ಷರಗಳನ್ನು ಸೇರಿಸಿ ಅಂತರವನ್ನು ಹಿಗ್ಗಿಸುತ್ತಿದ್ದಳು. ಡಿಎನ್‌ಎ ಹುರಿ ಹೊಸೆದ ಎಳೆ. ಹೆಚ್ಚುಕಡಿಮೆ ಹತ್ತು ಅಕ್ಷರಕ್ಕೆ ಒಂದು ಸುತ್ತು. ಐದು ಅಕ್ಷರ ಸೇರಿಸಿದರೆ ಅರ್ಧ ಸುತ್ತಾಗಿ ಒಂದು ಗುರುತು ಈ ಕಡೆಗೂ ಇನ್ನೊಂದು ಆ ಕಡೆಗೂ ಮುಖ ಮಾಡುತ್ತವೆ. ಎಳೆ ಅಷ್ಟು ಗಿಡ್ಡವಾಗಿರುವಾಗ ಬಲು ಗಡುಸು, ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ, ಕುಣಿಕೆ ಸರಿಯಾಗಿ ಕೂರುವುದಿಲ್ಲ. ಹತ್ತು ಸೇರಿಸಿದರೆ ದೂರ ಇನ್ನೂ ಹೆಚ್ಚಾಗಿರುತ್ತದೆ, ಆದರೆ ಪೂರ್ಣ ಸುತ್ತಾಗಿ ಎರಡೂ ಮತ್ತೆ ಒಂದೇ ಕಡೆಗೆ ಮುಖ ಮಾಡುತ್ತವೆ, ಕುಣಿಕೆ ಬೀಳುತ್ತದೆ. ಜೀನು ಮಾತಾಡಿದರೆ ಬ್ಯಾಕ್ಟೀರಿಯದ ಚುಕ್ಕೆಗಳು ನೀಲಿಯಾಗುವಂತೆ, ಸುಮ್ಮನಿದ್ದರೆ ಬೆಳ್ಳಗಿರುವಂತೆ ಏರ್ಪಾಡು. ಐದಕ್ಕೆ ನೀಲಿ, ಹತ್ತಕ್ಕೆ ಬಿಳಿ. ಪ್ರತಿಮಾ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ನೋಡುತ್ತಿದ್ದ ನನಗೆ ಯಾಕೋ ಕಿಟಕಿಯ ಮೇಲಿನ ಡಬ್ಬಿಗಳು ನೆನಪಾದವು. ಮೌನಕ್ಕೂ ಎರಡು ಕಡೆ ಬೇಕು, ಎರಡೂ ಒಂದನ್ನೊಂದು ನೋಡುತ್ತಿರಬೇಕು; ದೂರ ಎಷ್ಟೆಂಬುದು ಮುಖ್ಯವಲ್ಲ. ನಿಜವಾಗಿ ಬೆನ್ನು ತಿರುಗಿಸಿದವರು ಚಟ್ನಿಪುಡಿ ಕುಟ್ಟುವುದಿಲ್ಲ.

ಪೂರ್ತಿ ತಿಳಿದದ್ದು ಮಾತ್ರ ಒಂದು ವಾರದ ಮೇಲೆ, ಅದೂ ಅದೇ ಹುಡುಗಿಯಿಂದ. ತರಗತಿಯಲ್ಲಿ ನಾನು ಎಂದಿನಂತೆ ಹೇಳುತ್ತಿದ್ದೆ: ಹಾಲಿನ ಸಕ್ಕರೆ ಒಳಗೆ ಬಂದಾಗ ಅದರಿಂದಾದ ಇನ್ನೊಂದು ಸಕ್ಕರೆ ತಡೆಗಾರನ ಮೈಗೆ ಅಂಟುತ್ತದೆ, ಅವನ ಹಿಡಿತ ಸಡಿಲವಾಗುತ್ತದೆ, ಕುಣಿಕೆ ಬಿಚ್ಚುತ್ತದೆ, ಜೀನು ಮಾತಾಡುತ್ತದೆ. ಪ್ರತಿಮಾ ಕೈ ಎತ್ತಿದಳು. "ಸರ್, ಚೀನೀ ಕೋ ಅಂದರ್ ಲಾನೇವಾಲಾ ದರ್ವಾಜಾ ಭೀ ತೋ ಉಸೀ ಜೀನ್ ಕೇ ಸಾಥ್ ಬಂದ್ ಹೈ. ಫಿರ್ ಪೆಹಲಾ ದಾನಾ ಅಂದರ್ ಆಯಾ ಕೈಸೇ?" ಸಕ್ಕರೆಯನ್ನು ಒಳಗೆ ಬಿಡುವ ಬಾಗಿಲೂ ಆ ಜೀನಿನ ಜೊತೆಗೇ ಮುಚ್ಚಿದೆಯಲ್ಲ, ಹಾಗಾದರೆ ಮೊದಲ ಕಾಳು ಒಳಗೆ ಬಂದದ್ದು ಹೇಗೆ? ಪ್ರಶ್ನೆ ಹೊಸದಲ್ಲ, ಉತ್ತರವೂ ಹೊಸದಲ್ಲ. ಮುಚ್ಚುವಿಕೆ ಎಂದೂ ಪೂರ್ತಿಯಲ್ಲ. ತಡೆಗಾರನ ಕೈ ಆಗಾಗ ಜಾರುತ್ತದೆ, ಆ ಕ್ಷಣದಲ್ಲಿ ಜೀನು ಒಂದೆರಡು ಅಕ್ಷರ ತೊದಲಿಬಿಡುತ್ತದೆ, ಒಂದೋ ಎರಡೋ ಬಾಗಿಲು ತಯಾರಾಗಿ ಗೋಡೆಯಲ್ಲಿ ಕೂರುತ್ತವೆ. ಸೋರಿಕೆ ಎನ್ನುತ್ತೇವೆ. ಆ ಸೋರಿಕೆಯಿಲ್ಲದಿದ್ದರೆ ಹೊರಗೆ ಹಾಲಿನ ಹೊಳೆ ಹರಿದರೂ ಒಳಗಿನವನಿಗೆ ಸುದ್ದಿ ಮುಟ್ಟುವುದಿಲ್ಲ. ಎಷ್ಟೋ ವರ್ಷ ಹೇಳಿದ ಉತ್ತರವನ್ನು ಹೇಳುತ್ತ ಹೇಳುತ್ತ ಅಕ್ಕನ ಪಾರ್ಸೆಲುಗಳು ಕಣ್ಮುಂದೆ ಬಂದವು; ಸೀಮೆಸುಣ್ಣ ಕೆಳಗಿಟ್ಟು ಪಾಠವನ್ನು ಅಲ್ಲಿಗೇ ಮುಗಿಸಿದೆ.

ಸಂಜೆ ಅಸ್ಸಿ ಘಾಟಿನಲ್ಲಿ ಕುಲ್ಹಡ್ ಎಂಬ ಮಣ್ಣಿನ ಕುಡಿಕೆಯ ಚಹಾ ಹಿಡಿದು ಮೆಟ್ಟಿಲ ಮೇಲೆ ಕುಳಿತೆ. ನಾಲ್ಕು ವರ್ಷ ಅಕ್ಕ ಬಿಟ್ಟಿದ್ದ ಬಾಗಿಲಿಗೆ ನಾನು ಒಂದು ಕಾಳು ಸಕ್ಕರೆ ಹಾಕಿರಲಿಲ್ಲ. ಕ್ಷಮಿಸು ಎಂದು ಬರೆಯಲು ಕೂತಿದ್ದೆ, ಹಲವು ಸಲ. ಪ್ರತಿ ಸಲವೂ ಮಂಗನ ಕಥೆ ಎರಡನೆಯ ಸಾಲಿಗೇ ನುಗ್ಗಿಬಿಡುತ್ತಿತ್ತು, ಹರಿದು ಹಾಕುತ್ತಿದ್ದೆ. ಈ ಸಲ ಬರೆಯಲು ಹೋಗಲಿಲ್ಲ. ಮರುದಿನ ಒಂದು ಡಬ್ಬಿಯನ್ನು ಕಿಟಕಿಯಿಂದಿಳಿಸಿ, ಒರೆಸಿ, ಪೇಡೆ ತುಂಬಿಸಿ, ಬಟ್ಟೆಯಲ್ಲಿ ಹೊಲಿಸಿ, ನನ್ನ ವಿಳಾಸದ ಕೆಳಗೆ ಹೊಸ ಮೊಬೈಲಿನ ನಂಬರು ಬರೆದು ಅಂಚೆಗೆ ಹಾಕಿದೆ. ಖೋವಾದ ಪೇಡೆ ಎಂದರೆ ಹಾಲಿನ ಸಕ್ಕರೆಯ ಗಟ್ಟಿಯೇ. ವಿಜ್ಞಾನಿಯಾಗಿ ನಾನು ಬಹಳ ಯೋಚಿಸಿ ಆರಿಸಿದ ಪದಾರ್ಥ.

ಹನ್ನೊಂದು ದಿನಕ್ಕೆ ಮೊಬೈಲು ಮೊಳಗಿತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಪೇಡೆ ಪೂರ್ತಿ ಬೂಷ್ಟು ಹಿಡಿದಿದೆ" ಎಂದಿತು ಅಕ್ಕನ ದನಿ. "ಹಾಲಿನ ಪದಾರ್ಥಾನ ಯಾರಾದ್ರೂ ಪೋಸ್ಟಲ್ಲಿ ಕಳಿಸ್ತಾರೇನೋ? ಅದೇನ್ ಸೈನ್ಸ್ ಓದಿದೀಯೋ ನೀನು?"

"ತಪ್ಪಾಯ್ತು ಅಕ್ಕ" ಎಂದೆ. ನಾಲ್ಕು ವರ್ಷ ಕಾಗದದ ಮೇಲೆ ಇಳಿಯದ ಮಾತು, ಬೂಷ್ಟು ಹಿಡಿದ ಪೇಡೆಯ ನೆಪದಲ್ಲಿ ಇಳಿಯಿತು. ಅದು ಯಾವುದಕ್ಕೆ ಹೇಳಿದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಆ ಕಡೆ ಮೂಗೆಳೆದ ಸದ್ದು.

"ಡಬ್ಬಿ ತೊಳೆದಿಟ್ಟಿದೀನಿ. ಇನ್ನೂ ಮೂರು ನಿನ್ ಹತ್ರಾನೇ ಅವೆ. ಪೋಸ್ಟಿಗೆ ಗೀಸ್ಟಿಗೆ ಹಾಕ್ಬೇಡ. ರಜಕ್ಕೆ ನಾನೇ ಬಂದು ತಗೊಂಡ್ ಹೋಗ್ತೀನಿ."

ಬಂದಳು. ಮೇ ತಿಂಗಳ ಕಾಶಿಗೆ, ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಭುಸುಗುಡುವ ಗಾಳಿಗೆ, ಕೊರಳಿಗೆ ಒದ್ದೆ ಟವೆಲು ಸುತ್ತಿಕೊಂಡು ರೈಲಿನಿಂದಿಳಿದಳು. ಕೂದಲು ನನ್ನದಕ್ಕಿಂತ ಹೆಚ್ಚು ನರೆತಿತ್ತು. ಮರುದಿನ ನಸುಕಿನಲ್ಲಿ ಭಟ್ಟರನ್ನು ಕರೆದುಕೊಂಡು ಘಾಟಿಗೆ ಹೋದೆವು. ನಾನು ಖಾನೆಯ ಪುಟ್ಟ ಪೆಟ್ಟಿಗೆಯನ್ನು ಹಿಂದಿನ ದಿನವೇ ತಂದಿಟ್ಟುಕೊಂಡಿದ್ದೆ. ಬೇಸಿಗೆಯ ನದಿ ತೀರ ಕೆಳಗಿಳಿದು, ಆ ದಿನ ನೀರಿನಲ್ಲಿ ಮುಳುಗಿದ್ದ ಎಷ್ಟೋ ಮೆಟ್ಟಿಲುಗಳು ಮೈ ಬಿಸಿಲಿಗೆ ಹಾಕಿ ಮಲಗಿದ್ದವು. ದೋಣಿ ನಡುನೀರಿಗೆ ಬಂದಾಗ ಅಕ್ಕ ಕೇಳಿದಳು, "ಎಲ್ಲೋ?"

ಕೈಯೆತ್ತಿ ಎಲ್ಲಾದರೂ ತೋರಿಸಿಬಿಡಬಹುದಿತ್ತು. ನೀರಿಗೆ ಗುರುತೇನು, ಅವಳು ನಂಬುತ್ತಿದ್ದಳು. "ಗೊತ್ತಿಲ್ಲ ಅಕ್ಕ" ಎಂದೆ. "ಅವತ್ತು ನಾನು ಸರಿಯಾಗಿ ನೋಡ್ಲೇ ಇಲ್ಲ."

ಭಟ್ಟರು ಆ ಕಡೆಗೆ ಮುಖ ತಿರುಗಿಸಿದರು. ದೋಣಿಯವನ ಹುಟ್ಟು ಎರಡು ಸಲ ನೀರಿಗೆ ಬಿದ್ದೆದ್ದಿತು. ಅಕ್ಕ ನೀರನ್ನೇ ನೋಡುತ್ತ, ನನಗೆ ಕೇಳಲೆಂದಲ್ಲ, "ಅಪ್ಪಂಗೆ ಈಜು ಬರ್ತಿರ್ಲಿಲ್ಲ ಕಣೋ" ಎಂದಳು. ಹೇಳಿ ತಾನೇ ನಕ್ಕಳು, ನಗು ಅರ್ಧದಲ್ಲಿ ಅಳುವಾಯಿತು, ನಾನೂ ಅತ್ತೆ. ಅಪ್ಪ ಸತ್ತಾಗ ನಾವಿಬ್ಬರೂ ಒಟ್ಟಿಗೆ ಅತ್ತಿರಲಿಲ್ಲ. ಒಬ್ಬರಿಗೆ ಬಂದವರ ಕಾಫಿಯ ಚಿಂತೆ, ಇನ್ನೊಬ್ಬರಿಗೆ ರೈಲಿನ ಚಿಂತೆ.

ಪೆಟ್ಟಿಗೆ ತೆರೆದು ಪವಿತ್ರವನ್ನು ತೋರಿಸಿದೆ. ಭಟ್ಟರು ಕನ್ನಡಕ ಏರಿಸಿ ನೋಡಿದರು. "ಹೀಗೇ ಬಿಚ್ಚಿದ್ರೆ ಪುಡಿಯಾಗ್ತದೆ. ಪೆಹಲೇ ನೀರು ಕುಡೀಲಿ, ಆಮೇಲೆ ಬಿಚ್ಚಿ" ಎಂದರು. ಯಾರು ಬಿಚ್ಚಬೇಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಕ್ಕ ಅದನ್ನು ಅಂಗೈಯಲ್ಲಿಟ್ಟು ದೋಣಿಯ ಅಂಚಿನಿಂದ ನೀರೊಳಗೆ ಮುಳುಗಿಸಿ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ, ಮಕ್ಕಳ ಜಡೆಯ ಟೇಪಿನ ಗಂಟು ಬಿಡಿಸಿ ಅಭ್ಯಾಸವಾದ ಉಗುರಿನಿಂದ, ಅವಸರವಿಲ್ಲದೆ, ಒಂದೊಂದೇ ಸುತ್ತು ಸಡಿಲಿಸಿದಳು. ಗಂಟು ಬಿಟ್ಟಿತು. ಎಳೆ ಬಿಡಿಯಾಯಿತು. ಆದರೆ ನೆಟ್ಟಗಾಗಲಿಲ್ಲ, ನಾಲ್ಕು ವರ್ಷದ ಬಾಗು ಅದರ ಮೈಯಲ್ಲಿ ಹಾಗೇ ಇತ್ತು.

ನನ್ನ ಪ್ರಯೋಗಾಲಯದ ಎಳೆಗೆ ಈ ತಾಪತ್ರಯವಿಲ್ಲ. ತಡೆಗಾರ ಕೈ ಬಿಟ್ಟ ಕ್ಷಣವೇ ಅದು ಚಿಮ್ಮಿ ಬಿಡಿಸಿಕೊಳ್ಳುತ್ತದೆ, ಕುಣಿಕೆಯಾಗಿದ್ದೆನೆಂಬ ನೆನಪನ್ನೂ ಉಳಿಸಿಕೊಳ್ಳುವುದಿಲ್ಲ. ನಾವು ಆ ಎಳೆಯಿಂದಲೇ ಆದವರು, ಆದರೆ ಸ್ವಭಾವದಲ್ಲಿ ಹುಲ್ಲಿಗೆ ಹತ್ತಿರ. ಗಂಟು ಬಿಚ್ಚಿದರೂ ಬಾಗಿದ ಕಡೆ ಬಾಗಿಯೇ ಇರುತ್ತೇವೆ. ಇದು ಅಷ್ಟೇನೂ ದುಃಖದ ಸಂಗತಿಯೆಂದು ಆ ಬೆಳಿಗ್ಗೆ ನನಗೆ ಅನ್ನಿಸಲಿಲ್ಲ. ಅಕ್ಕ ಎಳೆಯನ್ನು ನೀರಿಗೆ ಬಿಟ್ಟಳು. ಈ ಸಲ ನಾನು ಸರಿಯಾಗಿ ನೋಡಿದೆ: ಅದು ಎಲ್ಲಿ ಬಿತ್ತು, ಎತ್ತ ತಿರುಗಿತು, ಯಾವ ದೋಣಿಯ ಹಿಂದೆ ಮರೆಯಾಯಿತು, ಎಲ್ಲವನ್ನೂ.

ಹೋಗುವಾಗ ಅಕ್ಕ ಎರಡು ಡಬ್ಬಿಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಳು. ಮೂರನೆಯದನ್ನು ಕಿಟಕಿಯ ಮೇಲೆ ಇದ್ದಲ್ಲೇ ಇಟ್ಟಳು. ರೈಲು ಹೊರಟ ಮೇಲೆ ಕಿಟಕಿಯಿಂದ ಕೂಗಿ ಹೇಳಿದ್ದು ಇಷ್ಟು: "ಪೇಡೆ ಕಳಿಸ್ಬೇಡ ಮಾರಾಯ. ತಗೊಂಡ್ ಬಾ." ಪ್ರಯೋಗಾಲಯದ ಖಾನೆಯನ್ನು ಈಗಲೂ ದಿನಕ್ಕೆ ಹತ್ತು ಸಲ ಎಳೆಯುತ್ತೇನೆ. ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಅಲ್ಲೇ ಇದೆ, ಪವಿತ್ರವಿಲ್ಲದೆ. ಅದರಲ್ಲಿ ಈಗ ಅರಸೀಕೆರೆಯ ರೈಲು ಟಿಕೆಟ್ಟು ಮಡಿಚಿಟ್ಟಿದ್ದೇನೆ, ದಸರಾ ರಜೆಯದು.